ಆಫೀಸಿನ ಕೆಲಸದ ಜತೆ ಓಪನ್ ಸೋರ್ಸ್: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು

ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕೈದು ವರ್ಷ ಚೆನ್ನಾಗಿಯೇ ಕೆಲಸ ಮಾಡಿರುತ್ತೀರಿ. ಹೊಸ ಕೆಲಸದ ಇಂಟರ್‌ವ್ಯೂನಲ್ಲಿ ‘ನೀವು ಬರೆದ ಕೋಡ್ ಏನಾದ್ರೂ ತೋರಿಸ್ತೀರಾ?’ ಎಂದು ಕೇಳಿದರೆ ತೋರಿಸಲು ಒಂದು ಸಾಲೂ ಇರುವುದಿಲ್ಲ. ಬರೆದದ್ದೆಲ್ಲ ಕಂಪನಿಯದ್ದು, ಇಲ್ಲವೇ ಕ್ಲೈಂಟಿನದ್ದು. ರೆಸ್ಯೂಮೆಯಲ್ಲಿ ‘ಬ್ಯಾಂಕಿಂಗ್ ಡೊಮೇನ್‌ನ ದೊಡ್ಡ ಪ್ರಾಜೆಕ್ಟ್’ ಎಂದು ಬರೆದುಕೊಳ್ಳಬಹುದು. ಪಕ್ಕದ ಸೀಟಿನವರೂ ಅದನ್ನೇ ಬರೆದಿರುತ್ತಾರೆ.

ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಾಯಿಸಿ, ಬಳಸಬಹುದಾದ ಸಾಫ್ಟ್‌ವೇರ್‌ನಲ್ಲಿ, ನಿಮ್ಮ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ಕೋಡ್ ಜತೆಗೆ ಆ ಕೋಡ್ ಬಗ್ಗೆ ನೀವು ಆಡಿದ ಮಾತೂ ಉಳಿಯುತ್ತದೆ. ಯಾರೋ ತಪ್ಪು ತೋರಿಸಿದಾಗ ನೀವು ಹೇಗೆ ಉತ್ತರ ಕೊಟ್ಟಿರಿ, ಬೇರೆಯವರ ಕೋಡ್‌ನಲ್ಲಿ ಏನನ್ನು ಗಮನಿಸಿದಿರಿ ಎಂಬುದನ್ನು ಮೂರು ವರ್ಷ ಬಿಟ್ಟು ಯಾರು ಬೇಕಾದರೂ ತೆಗೆದು ಓದಬಹುದು. ಒಳ್ಳೆಯ ಟೀಮ್‌ಗಳು ಜನರನ್ನು ಆರಿಸುವಾಗ ನೋಡುವುದು ಇದನ್ನೇ.

ಅದಕ್ಕೇ ನನ್ನ ಸಲಹೆ ಹೀಗೆ: ಒಂದು ಪ್ರಾಜೆಕ್ಟ್ ಹಿಡಿಯಿರಿ, ಅಲ್ಲೇ ಉಳಿಯಿರಿ. ಇಪ್ಪತ್ತು ಪ್ರಾಜೆಕ್ಟಿಗೆ ಇಪ್ಪತ್ತು ಸ್ಪೆಲಿಂಗ್ ತಿದ್ದುಪಡಿ ಕಳಿಸಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಒಂದೇ ಕಡೆ ವರ್ಷವಿಡೀ ಕಾಣಿಸಿಕೊಂಡವರನ್ನು ಅಲ್ಲಿನ ಜನ ಹೆಸರು ಹಿಡಿದು ಕರೆಯುತ್ತಾರೆ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಮೊದಲ ಹೆಜ್ಜೆ: ಆಫರ್ ಲೆಟರ್ ತೆಗೆದು ಓದಿ

ಕೋಡ್ ಮುಟ್ಟುವ ಮೊದಲು ಈ ಕೆಲಸ ಮುಗಿಸಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು ಕೆಲಸ ಕೊಟ್ಟವರದ್ದು. ಇದು ಎಲ್ಲರಿಗೂ ಗೊತ್ತಿರುವುದೇ. ಗೊಂದಲ ಬರುವುದು ಶನಿವಾರ ಮನೆಯಲ್ಲಿ ಕೂತು ಬರೆದ ಕೋಡ್ ವಿಷಯದಲ್ಲಿ. ಕೆಲಸದಲ್ಲಿ ಇರುವಷ್ಟು ಕಾಲ ನೀವು ಮಾಡಿದ್ದೆಲ್ಲ ನಮ್ಮದು ಎಂಬ ಅರ್ಥದ ಸಾಲು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಇನ್ನು ಕೆಲವು ಕಡೆ ಓಪನ್ ಸೋರ್ಸ್‌ಗೆಂದೇ ಬೇರೆ ಪಾಲಿಸಿ ಇರುತ್ತದೆ. ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಸಣ್ಣ ಮೇಲ್ ಹಾಕಿ: ಯಾವ ಪ್ರಾಜೆಕ್ಟ್, ನನ್ನ ಸ್ವಂತ ಸಮಯ, ಸ್ವಂತ ಲ್ಯಾಪ್‌ಟಾಪ್, ಕಂಪನಿಯ ಪ್ರಾಡಕ್ಟಿಗೆ ಸಂಬಂಧ ಇಲ್ಲ. ಉತ್ತರ ಬರಹದಲ್ಲೇ ಬರಲಿ. ಕಾಫಿ ಮೆಷಿನ್ ಹತ್ತಿರ ‘ಪರವಾಗಿಲ್ಲ, ಮಾಡ್ಕೊಳ್ಳಿ’ ಅಂದದ್ದು ಮ್ಯಾನೇಜರ್ ಬದಲಾದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲೇ ಇನ್ನೊಂದು ಸಣ್ಣ ವಿಷಯ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ನಿಮ್ಮ ಹೆಸರಿನ ಜತೆ ಯಾವ ಮೇಲ್ ವಿಳಾಸ ಸೆಟ್ ಆಗಿದೆ ನೋಡಿ. ಆಫೀಸಿನ ವಿಳಾಸ ಇದ್ದರೆ ನಿಮ್ಮ ಪ್ರತಿ ಕಮಿಟ್ (ದಾಖಲಾದ ಬದಲಾವಣೆ) ಮೇಲೂ ಅದೇ ಕೂರುತ್ತದೆ. ಒಮ್ಮೆ ಬೇರೆಯವರ ಪ್ರಾಜೆಕ್ಟಿಗೆ ಮರ್ಜ್ ಆದ, ಅಂದರೆ ಸೇರಿಹೋದ ಮೇಲೆ ಅದನ್ನು ಅಳಿಸುವುದು ಆಗದ ಮಾತು. ಸ್ವಂತ ವಿಳಾಸವನ್ನು ಮೊದಲೇ ಹಾಕಿಕೊಳ್ಳಿ. ಆಫೀಸಿನ ಕೋಡ್‌ನಿಂದ ಒಂದು ಫಂಕ್ಷನ್ ಕೂಡ ಎತ್ತಿಕೊಂಡು ಬರಬೇಡಿ, ಅದನ್ನು ನೀವೇ ಬರೆದಿದ್ದರೂ ಸರಿ.

ಲೈಸೆನ್ಸ್ ವಿಷಯದಲ್ಲಿ ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಲೈಸೆನ್ಸಿನ ಕೋಡನ್ನು ಯಾರು ಬೇಕಾದರೂ ಮುಚ್ಚಿದ ಪ್ರಾಡಕ್ಟಿನಲ್ಲೂ ಬಳಸಬಹುದು. ಜಿಪಿಎಲ್ ಕೋಡ್ ಸೇರಿಸಿ ಹಂಚಿದರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಎಜಿಪಿಎಲ್ ಈ ಷರತ್ತನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ವಿಸ್ತರಿಸುತ್ತದೆ. ಕೆಲವು ಪ್ರಾಜೆಕ್ಟ್‌ಗಳು ಕೋಡ್ ತೆಗೆದುಕೊಳ್ಳುವ ಮುಂಚೆ ಸಿಎಲ್‌ಎ (ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್) ಎಂಬ ಒಪ್ಪಂದಕ್ಕೆ ಸಹಿ ಕೇಳುತ್ತವೆ. ಇನ್ನು ಕೆಲವು ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಸಾಲನ್ನು ಕಮಿಟ್‌ನಲ್ಲಿ ಕೇಳುತ್ತವೆ. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಎಂದು ಹೇಳುವ ಸಾಲು ಅದು. ಲಿನಕ್ಸ್ ಕರ್ನೆಲ್ 2004ರಲ್ಲಿ ಇದನ್ನು ಶುರು ಮಾಡಿತು. ಇಂಥ ಸಾಲಿಗೆ ಹೆಸರು ಹಾಕುವಾಗ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಹಾಕಿದ ಆ ಮೇಲ್ ಯಾಕೆ ಬೇಕು ಎಂದು ಅರ್ಥವಾಗುತ್ತದೆ.

ಎರಡನೇ ಹೆಜ್ಜೆ: ನೀವು ದಿನಾ ಬಳಸುವುದರಲ್ಲೇ ಪ್ರಾಜೆಕ್ಟ್ ಹುಡುಕಿ

‘ಬೆಸ್ಟ್ ಓಪನ್ ಸೋರ್ಸ್ ಪ್ರಾಜೆಕ್ಟ್ಸ್’ ಎಂದು ಹುಡುಕಿದರೆ ಸಾವಿರ ಪಟ್ಟಿ ಸಿಗುತ್ತವೆ. ಅವುಗಳನ್ನು ಬಿಡಿ. ಆಫೀಸಿನಲ್ಲಿ ನೀವು ಬಳಸುವ ಲೈಬ್ರರಿಗಳ ಪಟ್ಟಿ ನಿಮ್ಮ ಪ್ರಾಜೆಕ್ಟಿನ ಡಿಪೆಂಡೆನ್ಸಿ ಫೈಲ್‌ನಲ್ಲೇ ಇದೆ. ಅದರಲ್ಲಿ ನಿಮಗೆ ತಲೆನೋವು ಕೊಟ್ಟದ್ದು ಯಾವುದು, ಯಾವುದರ ಡಾಕ್ಯುಮೆಂಟೇಶನ್ ಓದಿ ‘ಇದು ಹೀಗೆ ಕೆಲಸ ಮಾಡಲ್ವಲ್ಲ’ ಅನ್ನಿಸಿದೆ ಎಂದು ಯೋಚಿಸಿ. ಅಲ್ಲಿ ನೀವು ಹೊಸಬರಲ್ಲ. ಅದನ್ನು ನಿಜವಾದ ಲೋಡ್‌ನಲ್ಲಿ, ನಿಜವಾದ ಡೇಟಾ ಜತೆ ಓಡಿಸಿದ ಅನುಭವ ನಿಮಗಿದೆ. ಲೈಬ್ರರಿ ಬರೆದವರಿಗೇ ಆ ಅನುಭವ ಇಲ್ಲದಿರಬಹುದು.

ಆರಿಸಿದ ಪ್ರಾಜೆಕ್ಟ್ ಜೀವಂತ ಇದೆಯಾ ಎಂದು ನೋಡಿ. ಸ್ಟಾರ್ (ಗಿಟ್‌ಹಬ್‌ನಲ್ಲಿ ಮೆಚ್ಚಿದವರು ಕೊಡುವ ಗುರುತು) ಎಷ್ಟಿವೆ ಎಂಬುದು ಇಲ್ಲಿ ಏನೂ ಹೇಳುವುದಿಲ್ಲ. ಇತ್ತೀಚೆಗೆ ಮರ್ಜ್ ಆದ ಪುಲ್ ರಿಕ್ವೆಸ್ಟ್‌ಗಳನ್ನು (‘ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆಗಳು) ತೆಗೆಯಿರಿ. ಅವುಗಳಲ್ಲಿ ಹೊರಗಿನವರದ್ದು ಎಷ್ಟು, ಹೊಸಬರ ಪ್ರಶ್ನೆಗೆ ಯಾವ ದನಿಯಲ್ಲಿ ಉತ್ತರ ಬಂದಿದೆ, ಓದಿ. ಉತ್ತರ ಒರಟಾಗಿದ್ದರೆ, ಅಥವಾ ತಿಂಗಳುಗಟ್ಟಲೆ ಯಾರೂ ಮಾತಾಡಿಲ್ಲದಿದ್ದರೆ ಬೇರೆ ಕಡೆ ಹೋಗಿ. ಸಮಯ ನಿಮ್ಮದು.

ಲಿನಕ್ಸ್ ಕರ್ನೆಲ್‌ನಂಥ ದೊಡ್ಡ ಪ್ರಾಜೆಕ್ಟಿನಿಂದ ಶುರು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಪ್ಯಾಚ್‌ಗಳು ಮೇಲ್ ಮೂಲಕವೇ ಓಡಾಡುತ್ತವೆ, ರೂಢಿಗಳು ಬೇರೆ, ಕಲಿಯುವುದು ಜಾಸ್ತಿ. ಮಧ್ಯಮ ಗಾತ್ರದ ಪ್ರಾಜೆಕ್ಟ್‌ನಲ್ಲಿ ಮನುಷ್ಯರು ಬೇಗ ಪರಿಚಯವಾಗುತ್ತಾರೆ.

ಮನೆ ಹತ್ತಿರವೇ ದೊಡ್ಡ ಕೆಲಸ ನಡೆಯುತ್ತಿರುವುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ದೇಶಗಳ ಗುರುತಿನ ವ್ಯವಸ್ಥೆಗೆ ಬಳಸುವ ಮೊಸಿಪ್ 2018ರಲ್ಲಿ ಶುರುವಾದದ್ದು ಬೆಂಗಳೂರಿನ ಐಐಐಟಿಯಲ್ಲಿ. ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ಚೀಟಿಗೆ ಅದನ್ನು ಬಳಸಿದೆ. ಶಾಲಾ ಶಿಕ್ಷಕರು ಬಳಸುವ ದೀಕ್ಷಾ ವೇದಿಕೆಯ ಕೆಳಗೆ ಇರುವ ಸನ್‌ಬರ್ಡ್, ನಗರ ಸಂಸ್ಥೆಗಳಿಗೆ ಇಗವ್ ಫೌಂಡೇಶನ್ ಕಟ್ಟಿರುವ ಡಿಜಿಟ್, ಇವೂ ಬೆಂಗಳೂರಿನಲ್ಲೇ ಬೆಳೆದವು. ಆಸ್ತಿ ತೆರಿಗೆ ಕಟ್ಟುವ ಪರದೆಯ ಹಿಂದೆ ಏನಿದೆ ಎಂದು ಕೋಡ್ ತೆರೆದು ನೋಡಬಹುದಾದ ಅವಕಾಶ ಸಣ್ಣದಲ್ಲ.

ಮೂರನೇ ಹೆಜ್ಜೆ: ಬರೆಯುವ ಮೊದಲು ಓದಿ

ಕೋಡನ್ನು ಕ್ಲೋನ್ ಮಾಡಿ, ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ. ಇಷ್ಟಕ್ಕೇ ಒಂದು ವಾರಾಂತ್ಯ ಹೋದರೂ ಬೇಸರ ಬೇಡ. ಬಿಲ್ಡ್ ಮಾಡುವಾಗ ಎಲ್ಲೆಲ್ಲಿ ತಡವರಿಸಿದಿರೋ ಅದನ್ನೆಲ್ಲ ಬರೆದಿಟ್ಟುಕೊಳ್ಳಿ. ಸೆಟಪ್ ಸೂಚನೆಯಲ್ಲಿ ಬಿಟ್ಟುಹೋದ ಒಂದು ಸಾಲು ಹಳಬರಿಗೆ ಕಾಣುವುದೇ ಇಲ್ಲ, ಅವರು ಅದನ್ನು ದಾಟಿ ಎಷ್ಟೋ ವರ್ಷವಾಗಿರುತ್ತದೆ. ಹೊಸಬರು ಮಾತ್ರ ಕೊಡಬಹುದಾದ ಕೊಡುಗೆ ಇದು. ಅದೇ ನಿಮ್ಮ ಮೊದಲ ಪುಲ್ ರಿಕ್ವೆಸ್ಟ್ ಆಗಬಹುದು.

ಆಮೇಲೆ ಮುಚ್ಚಿದ ಇಶ್ಯೂಗಳನ್ನು (ಬಗ್ ಅಥವಾ ಬೇಡಿಕೆಯ ದಾಖಲೆಗಳು), ತಿರಸ್ಕಾರವಾದ ಪುಲ್ ರಿಕ್ವೆಸ್ಟ್‌ಗಳನ್ನು ಓದಿ. ಪ್ರಾಜೆಕ್ಟ್ ಏನನ್ನು ಬೇಡ ಅನ್ನುತ್ತದೆ, ಯಾಕೆ ಅನ್ನುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಎಲ್ಲೂ ಬರೆಯದ ವಿಷಯ ಇದು.

‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಇರುವುದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಯಾರೋ ಹಾಕಿದ ಬಗ್ ರಿಪೋರ್ಟ್ ತೆಗೆದುಕೊಂಡು ನಿಮ್ಮ ಮೆಷಿನ್‌ನಲ್ಲಿ ಅದೇ ತೊಂದರೆ ಬರುತ್ತದಾ ನೋಡಿ. ಬಂದರೆ ಯಾವ ವರ್ಷನ್‌ನಿಂದ ಬರುತ್ತಿದೆ ಎಂದು ಗಿಟ್ ಬೈಸೆಕ್ಟ್ (ಹಳೆಯ ಕಮಿಟ್‌ಗಳನ್ನು ಅರ್ಧರ್ಧ ಮಾಡಿ ಹುಡುಕುವ ಸೌಲಭ್ಯ) ಮಾಡಿ ಹುಡುಕಿ, ಆ ಕಮಿಟ್ ಯಾವುದೆಂದು ಅಲ್ಲೇ ಬರೆಯಿರಿ. ಬಾರದಿದ್ದರೆ ‘ನನ್ನಲ್ಲಿ ಬರುತ್ತಿಲ್ಲ, ನಾನು ಬಳಸಿದ್ದು ಇಂಥ ವರ್ಷನ್’ ಎಂದು ತಿಳಿಸಿ. ಒಂದು ಸಾಲು ಕೋಡ್ ಬರೆಯದೆಯೇ ಮೇಂಟೇನರ್‌ನ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರ, ಅರ್ಧ ದಿನ ಉಳಿಸಿರುತ್ತೀರಿ. ಹೀಗೆ ಐದಾರು ಸಲ ಮಾಡಿದವರ ಪುಲ್ ರಿಕ್ವೆಸ್ಟ್ ಬಂದಾಗ ಅವರು ಬೇಗ ತೆರೆದು ನೋಡುತ್ತಾರೆ. ಸಹಜ ಅಲ್ವಾ?

ನಾಲ್ಕನೇ ಹೆಜ್ಜೆ: ಕನ್ನಡ ಓದುವವರಿಗೆ ಮಾತ್ರ ಕಾಣುವ ಬಗ್ ಹಿಡಿಯಿರಿ

ನನಗೆ ತುಂಬ ಇಷ್ಟವಾದ ದಾರಿ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಸಾಫ್ಟ್‌ವೇರ್’ ಎಂಬ ಪದವನ್ನು ಯಾವುದೋ ಫಾರ್ಮ್‌ನಲ್ಲಿ ಟೈಪ್ ಮಾಡಿ ಸೇವ್ ಒತ್ತಿ ಮತ್ತೆ ತೆರೆದರೆ ‘ಸಾಫ್ಟ್ವೇರ್’ ಎಂದು ವಕಾರ ಒತ್ತಾಗಿ ಕೆಳಗೆ ಹೋಗಿರುವುದನ್ನು ನೀವೂ ನೋಡಿರುತ್ತೀರಿ. ಸುಮ್ನೆ ಫಾಂಟ್ ಸರಿ ಇಲ್ಲ ಎಂದು ಬಿಟ್ಟುಬಿಡುತ್ತೇವೆ. ಫಾಂಟಿನದ್ದು ಇದರಲ್ಲಿ ಏನೂ ಇಲ್ಲ. ಟಕಾರದ ಅರ್ಧಾಕ್ಷರಕ್ಕೂ ವಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ‘ಇವೆರಡನ್ನು ಒತ್ತಕ್ಷರ ಮಾಡಬೇಡ’ ಎಂದು ಹೇಳುವುದೇ ಅದರ ಕೆಲಸ. ಇನ್‌ಪುಟ್ ಕ್ಲೀನ್ ಮಾಡುವ ಎಷ್ಟೋ ಲೈಬ್ರರಿಗಳು ಕಾಣದ ಅಕ್ಷರಗಳನ್ನೆಲ್ಲ ಕಸ ಎಂದು ಗುಡಿಸುತ್ತವೆ. ಅದರ ಜತೆ ಇದೂ ಹೋಗುತ್ತದೆ. ಮೂಲ ಪದದಲ್ಲಿ 11 ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದೊಂದು ಚಿಹ್ನೆಗಿರುವ ಸಂಖ್ಯೆ) ಇದ್ದರೆ ಹೊರಬಂದದ್ದರಲ್ಲಿ 10. ಈ ಎರಡು ಸಂಖ್ಯೆ ಪ್ರಿಂಟ್ ಮಾಡಿ ತೋರಿಸುವ ಮೂರು ಸಾಲಿನ ಪ್ರೋಗ್ರಾಂ ಬರೆದರೆ ನಿಮ್ಮ ಬಗ್ ರಿಪೋರ್ಟ್ ಅರ್ಧ ಮುಗಿಯಿತು. ಕನ್ನಡದ ಒಂದಕ್ಷರ ಓದಲು ಬಾರದ ಮೇಂಟೇನರ್‌ಗೂ ಅದು ಅರ್ಥವಾಗುತ್ತದೆ.

ರಿಪೋರ್ಟ್ ಬರೆಯುವಾಗ ನಾಲ್ಕು ವಿಷಯ ಸಾಕು: ನಾನು ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಯಾವ ವರ್ಷನ್‌ನಲ್ಲಿ. ಕನ್ನಡ ಓದುವವರಿಗೆ ಇದರಿಂದ ಏನು ತೊಂದರೆ ಎಂದು ಇನ್ನೊಂದು ಸಾಲು ಸೇರಿಸಿ. ಎರಡರ ಸ್ಕ್ರೀನ್‌ಶಾಟ್ ಅಕ್ಕಪಕ್ಕ ಇಡಿ.

ಇನ್ನು ಪರಿಹಾರ. ‘ಈ ಅಕ್ಷರ ತೆಗೆಯಬೇಡಿ’ ಎಂದು ಒಂದು ಸಾಲಿನ ಪ್ಯಾಚ್ ಕಳಿಸಿದರೆ ಬಹುಶಃ ಒಪ್ಪುವುದಿಲ್ಲ. ಅವರ ಬಳಿ ಒಳ್ಳೆಯ ಕಾರಣ ಇದೆ. ಕಾಣದ ಅಕ್ಷರ ಸೇರಿಸಿ ಇನ್ನೊಬ್ಬರ ಯೂಸರ್‌ನೇಮ್‌ನಂತೆಯೇ ಕಾಣುವ ಹೆಸರು ಸೃಷ್ಟಿಸಿ ಮೋಸ ಮಾಡುವವರು ಇದ್ದಾರೆ. ಹಾಗಾಗಿ ಆ ಅಕ್ಷರ ಎಲ್ಲಿ ಬಂದರೆ ಸರಿ, ಎಲ್ಲಿ ಬಂದರೆ ಅನುಮಾನ ಎಂದು ಬೇರೆ ಮಾಡಬೇಕು. ಡೊಮೇನ್ ಹೆಸರುಗಳ ನಿಯಮದಲ್ಲಿ ಇದಕ್ಕೆ ಆಗಲೇ ಒಂದು ದಾರಿ ಇದೆ: ವಿರಾಮ ಚಿಹ್ನೆಯ, ಅಂದರೆ ಅರ್ಧಾಕ್ಷರ ಮಾಡುವ ‘್’ ಗುರುತಿನ, ನಂತರ ಬಂದರೆ ಒಪ್ಪಿಕೋ. ‘ಸಾಫ್ಟ್‌ವೇರ್’ ಇದರಲ್ಲಿ ಪಾಸಾಗುತ್ತದೆ.

ಆದರೆ ‘ರ‍್ಯಾಲಿ’ ಪಾಸಾಗುವುದಿಲ್ಲ. ಅಲ್ಲಿ ಬಳಸುವುದು ಇದರ ಜೋಡಿಯಾದ ಜೀರೋ ವಿಡ್ತ್ ಜಾಯ್ನರ್. ಅದು ರಕಾರದ ನಂತರ, ವಿರಾಮ ಚಿಹ್ನೆಗಿಂತ ಮೊದಲು ಬರುತ್ತದೆ. ಅದನ್ನು ತೆಗೆದರೆ ರಕಾರ ಅರ್ಕಾವತ್ತಾಗಿ ಹಿಂದೆ ಹೋಗಿ ‘ರ್ಯಾಲಿ’ ಆಗುತ್ತದೆ. ‘ವಿರಾಮದ ನಂತರ ಮಾತ್ರ’ ಎಂಬ ನಿಯಮ ಇದನ್ನು ಉಳಿಸುವುದಿಲ್ಲ. ಈ ಸಂಗತಿ ಆ ಚರ್ಚೆಯಲ್ಲಿ ಎತ್ತುವವರು ಯಾರು? ಕನ್ನಡ ಓದಿ ಬರೆಯುವ ಎಂಜಿನಿಯರ್ ಬಿಟ್ಟರೆ ಬೇರೆ ಯಾರಿಗೂ ಇದು ಹೊಳೆಯುವ ಅವಕಾಶ ಕಡಿಮೆ. ಎರಡೂ ಪದಗಳನ್ನು ಟೆಸ್ಟ್ ಕೇಸ್ ಆಗಿ ಸೇರಿಸಿ. ಮುಂದೆ ಯಾರಾದರೂ ಆ ಕೋಡ್ ಬದಲಾಯಿಸಿ ಕನ್ನಡ ಕೆಟ್ಟರೆ ಟೆಸ್ಟ್ ಕೆಂಪಾಗುತ್ತದೆ. ಪ್ಯಾಚ್‌ಗಿಂತ ಈ ಟೆಸ್ಟ್ ಹೆಚ್ಚು ಕಾಲ ಬಾಳುತ್ತದೆ.

ಇಂಥ ಜಾಗ ಇನ್ನೂ ಬೇಕಾದಷ್ಟಿವೆ. ‘ಕನ್ನಡ’ ಎಂಬುದು ನಮಗೆ 3 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 5 ಕೋಡ್‌ಪಾಯಿಂಟ್. ಮೂರಕ್ಕೆ ಕತ್ತರಿಸುವ ಪ್ರೋಗ್ರಾಂ ‘ಕನ್’ ಎಂದು ನಿಲ್ಲುತ್ತದೆ. ಒತ್ತಕ್ಷರವನ್ನು ನಡುವೆ ಒಡೆಯದೆ ಒಂದೇ ತುಂಡಾಗಿ ಎಣಿಸುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿದ್ದವು. ಕನ್ನಡ ಇರಲಿಲ್ಲ. ಪಿಡಿಎಫ್ ಮಾಡುವ ಲೈಬ್ರರಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಬೀಳುವುದು ಇನ್ನೊಂದು ಹಳೆಯ ರೋಗ.

ಇಂಥದ್ದು ಕಂಡಾಗ ತಪ್ಪು ಯಾವ ಪದರದಲ್ಲಿದೆ ಎಂದು ಮೊದಲು ಪತ್ತೆ ಮಾಡಿ. ಅದೇ ಪದವನ್ನು ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಹೀಗೆ ಎರಡು ಮೂರು ಫಾಂಟ್‌ನಲ್ಲಿ ನೋಡಿ. ಒಂದರಲ್ಲಿ ಮಾತ್ರ ಕೆಟ್ಟರೆ ಫಾಂಟಿನ ತಪ್ಪು. ಎಲ್ಲದರಲ್ಲೂ ಕೆಟ್ಟು, ಬೇರೆ ಪ್ರೋಗ್ರಾಂನಲ್ಲಿ ಸರಿ ಬಂದರೆ ಆ ಪ್ರೋಗ್ರಾಂನದ್ದು. ಬಹಳಷ್ಟು ಸಾಫ್ಟ್‌ವೇರ್‌ಗಳು ಅಕ್ಷರ ಜೋಡಿಸಲು ಹಾರ್ಫ್‌ಬಜ್ ಲೈಬ್ರರಿಯನ್ನೇ ನೆಚ್ಚಿಕೊಂಡಿವೆ. ತೊಂದರೆ ಕೊಡುವ ಪ್ರೋಗ್ರಾಂ ಅದನ್ನು ಬಳಸುತ್ತದಾ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಅನುವಾದವೂ ಒಳ್ಳೆಯ ಬಾಗಿಲು. ಫೈರ್‌ಫಾಕ್ಸ್‌ನ ಕನ್ನಡ ಪಾಂಟೂನ್‌ನಲ್ಲಿ, ವಿಕಿಪೀಡಿಯ ಓಡುವ ಮೀಡಿಯಾವಿಕಿಯ ಕನ್ನಡ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನಡೆಯುತ್ತದೆ. ಇದರಿಂದ ನೇರವಾಗಿ ಪ್ರೋಗ್ರಾಮಿಂಗ್ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ಭಾಷೆಗಾಗಿ ಮಾಡಬೇಕಾದ ಕೆಲಸ ಅದು, ಮಾಡಿ.

ಐದನೇ ಹೆಜ್ಜೆ: ರಿವ್ಯೂ ಬಂದಾಗ

ಪುಲ್ ರಿಕ್ವೆಸ್ಟ್ ಸಣ್ಣದಿರಲಿ. ಒಂದು ಬಗ್, ಒಂದು ಬದಲಾವಣೆ. ‘ಹೇಗೂ ಈ ಫೈಲ್ ತೆರೆದೆ’ ಎಂದು ಇಂಡೆಂಟೇಶನ್ ಸರಿ ಮಾಡಲು ಹೋಗಬೇಡಿ. ಓದುವವರಿಗೆ ನಿಜವಾದ ಬದಲಾವಣೆ ಯಾವುದು ಎಂದೇ ತಿಳಿಯುವುದಿಲ್ಲ.

ಕಮಿಟ್ ಮೆಸೇಜ್‌ನಲ್ಲಿ ಏನು ಬದಲಾಯಿತು ಎನ್ನುವುದಕ್ಕಿಂತ ಯಾಕೆ ಬದಲಾಯಿಸಿದಿರಿ ಎಂದು ಬರೆಯಿರಿ. ಏನು ಬದಲಾಯಿತು ಎಂದು ಡಿಫ್ (ಹಳೆಯ, ಹೊಸ ಕೋಡ್‌ನ ವ್ಯತ್ಯಾಸ) ನೋಡಿದರೆ ಕಾಣುತ್ತದೆ.

ಉತ್ತರ ತಡವಾದರೆ ಸಿಟ್ಟಾಗಬೇಡಿ. ಆ ಕಡೆ ಇರುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಮಕ್ಕಳನ್ನು ಮಲಗಿಸಿದ ಮೇಲೆ ಕೂತು ಮಾಡುವವರು. ಎರಡು ವಾರ ಕಾದು ಒಮ್ಮೆ ಮರ್ಯಾದೆಯಿಂದ ನೆನಪಿಸಿ. ರಿವ್ಯೂನಲ್ಲಿ ಹದಿನೈದು ಕಾಮೆಂಟ್ ಬಂದರೆ ಅದು ಬೈಗುಳ ಅಲ್ಲ, ನಿಮ್ಮ ಕೋಡನ್ನು ಒಬ್ಬರು ಪೂರ್ತಿ ಓದಿದ್ದಾರೆ ಎಂದರ್ಥ. ಪ್ರತಿಯೊಂದಕ್ಕೂ ಉತ್ತರ ಕೊಡಿ. ಒಪ್ಪಿಗೆ ಇಲ್ಲದ ಕಡೆ ಕಾರಣ ಕೊಟ್ಟು ಹೇಳಿ. ‘ಓಕೆ ಸರ್, ವಿಲ್ ಡೂ’ ಎಂದು ಎಲ್ಲಕ್ಕೂ ತಲೆಯಾಡಿಸುವುದು ನಮ್ಮ ಆಫೀಸುಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಅದು ಬೇಡ. ಸರ್, ಮೇಡಂ ಕೂಡ ಬೇಡ, ಹೆಸರು ಸಾಕು.

ಇಂಗ್ಲಿಷ್ ಬಗ್ಗೆ ಹೆದರುವವರಿಗೆ ಒಂದು ಮಾತು. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಇಲ್ಲಿ ಹಿಂದೆ ಬೀಳಬೇಕಾಗಿಲ್ಲ. ಈ ಪ್ರಾಜೆಕ್ಟ್‌ಗಳಲ್ಲಿ ಜಪಾನಿನವರು, ಬ್ರೆಜಿಲ್‌ನವರು, ಪೋಲೆಂಡಿನವರು ಇದ್ದಾರೆ. ಎಲ್ಲರೂ ಕಲಿತ ಇಂಗ್ಲಿಷನ್ನೇ ಬರೆಯುತ್ತಾರೆ. ಚಿಕ್ಕ ವಾಕ್ಯ, ಓಡಿಸಿ ನೋಡಬಹುದಾದ ಉದಾಹರಣೆ ಇದ್ದರೆ ವ್ಯಾಕರಣ ಯಾರೂ ನೋಡುವುದಿಲ್ಲ.

ಎಐ ಬರೆದ ಕೋಡ್ ಕಳಿಸಬಹುದಾ? ಕೆಲವು ಪ್ರಾಜೆಕ್ಟ್ ಒಪ್ಪುತ್ತವೆ, ಕೆಲವು ಬೇಡ ಅನ್ನುತ್ತವೆ. ಮೊದಲು ಅವರ ನಿಯಮ ಓದಿ. ಒಪ್ಪುವ ಕಡೆಯೂ ಪ್ರತಿ ಸಾಲು ಯಾಕಿದೆ ಎಂದು ನೀವೇ ವಿವರಿಸುವಂತಿರಬೇಕು. ಮೇಂಟೇನರ್ ಕೇಳಿದ ಪ್ರಶ್ನೆಗೂ ಎಐ ಕೈಯಲ್ಲೇ ಉತ್ತರ ಬರೆಸಿ ಅಂಟಿಸುವುದು ಆ ಮನುಷ್ಯನ ಸಮಯಕ್ಕೆ ಮಾಡುವ ಅವಮಾನ. ಡೇಟಾ ವರ್ಗಾಯಿಸಲು ಬಳಸುವ ಕರ್ಲ್‌ನಂಥ ಪ್ರಾಜೆಕ್ಟಿನವರು ಎಐ ಹುಟ್ಟಿಸಿದ ಸುಳ್ಳು ಸೆಕ್ಯುರಿಟಿ ರಿಪೋರ್ಟ್‌ಗಳಿಂದ ಬೇಸತ್ತು ಬಹಿರಂಗವಾಗಿಯೇ ದೂರಿದ್ದಾರೆ. ಎಐಗೂ ಮೊದಲು, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಬಹುಮಾನ ಕೊಡುವ 2020ರ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ, ಒಂದು ಟೀ ಶರ್ಟ್ ಆಸೆಗೆ ಸಾವಿರಾರು ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು ಬಂದು, ಕೊನೆಗೆ ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ನಿಯಮವನ್ನೇ ಬದಲಾಯಿಸಬೇಕಾಯಿತು. ಭಾರತದಿಂದ ಹೋದವೂ ಅದರಲ್ಲಿ ಬೇಕಾದಷ್ಟಿದ್ದವು. ಆ ನೆನಪು ಮೇಂಟೇನರ್‌ಗಳಿಗೆ ಇನ್ನೂ ಇದೆ, ಹಾಗಾಗಿ ನಮ್ಮ ಕಡೆಯವರು ಸ್ವಲ್ಪ ಹೆಚ್ಚೇ ಎಚ್ಚರದಿಂದ ಇರುವುದು ಒಳ್ಳೆಯದು.

ಆರನೇ ಹೆಜ್ಜೆ: ಆಫೀಸಿನ ಕೆಲಸದೊಳಗೇ ತನ್ನಿ

ರಾತ್ರಿ, ವಾರಾಂತ್ಯ ಎಂದು ಎಷ್ಟು ದಿನ ಎಳೆಯುತ್ತೀರಿ? ಮನೆ, ಸಂಸಾರ, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಲ್ಲ ಮುಗಿಸಿ ಉಳಿಯುವ ಸಮಯ ಬಹಳ ಕಡಿಮೆ. ವಾರಕ್ಕೆ ಎರಡು ಸಂಜೆ ತಪ್ಪದೆ ಕೊಟ್ಟರೆ ಸಾಕು. ಒಂದೇ ತಿಂಗಳು ಹುಚ್ಚಾಗಿ ಮಾಡಿ ಕೈಬಿಡುವುದಕ್ಕಿಂತ ಅದು ಮೇಲು.

ಆದರೆ ಬಾಳಿಕೆ ಬರುವ ದಾರಿ ಇನ್ನೊಂದು. ನಿಮ್ಮ ಟೀಮ್ ಯಾವುದೋ ಲೈಬ್ರರಿಯಲ್ಲಿ ಬಗ್ ಸಿಕ್ಕಾಗ ಅದರ ಕಾಪಿ ಮಾಡಿ, ಒಳಗೇ ತಿದ್ದಿಕೊಂಡು ಬಳಸುತ್ತಿರಬಹುದು. ಬಹಳ ಕಂಪನಿಗಳಲ್ಲಿ ಇದು ಮಾಮೂಲು. ಆ ಲೈಬ್ರರಿಯ ಹೊಸ ವರ್ಷನ್ ಬಂದಾಗಲೆಲ್ಲ ನಿಮ್ಮ ತಿದ್ದುಪಡಿಯನ್ನು ಮತ್ತೆ ಕೂರಿಸಬೇಕು. ಸೆಕ್ಯುರಿಟಿ ಫಿಕ್ಸ್ ಬಂದರೂ ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಸೆಕ್ಯುರಿಟಿ ಬಗ್ ಬಂದಾಗ ಅವಸರದಲ್ಲಿ ವರ್ಷನ್ ಬದಲಾಯಿಸಿದವರಿಗೆ ಈ ಕಷ್ಟ ಗೊತ್ತು. ಮ್ಯಾನೇಜರ್ ಮುಂದೆ ಈ ಲೆಕ್ಕ ಇಡಿ: ಈ ತಿದ್ದುಪಡಿಯನ್ನು ಮೂಲ ಪ್ರಾಜೆಕ್ಟಿಗೇ ಸೇರಿಸಿದರೆ ಮುಂದಿನ ಪ್ರತಿ ಅಪ್‌ಗ್ರೇಡ್‌ನಲ್ಲಿ ಇಷ್ಟು ದಿನದ ಕೆಲಸ ಉಳಿಯುತ್ತದೆ. ಓಪನ್ ಸೋರ್ಸ್ ಆದರ್ಶದ ಮಾತಿಗಿಂತ ಈ ಲೆಕ್ಕ ಬೇಗ ಒಪ್ಪಿಗೆ ತರುತ್ತದೆ. ಒಪ್ಪಿದರೆ ಅದು ಆಫೀಸ್ ಸಮಯದಲ್ಲೇ, ಅಪ್ರೈಸಲ್‌ನಲ್ಲೂ ಬರೆಯಬಹುದಾದ ಕೆಲಸವಾಗುತ್ತದೆ.

ರೆಸ್ಯೂಮೆಯಲ್ಲಿ ಇದನ್ನು ಹೇಗೆ ಬರೆಯುವುದು? ದಿನದ ಚಟುವಟಿಕೆ ಹೇಳುವ ಗಿಟ್‌ಹಬ್‌ನ ಹಸಿರು ಚೌಕ ತೋರಿಸಿ ಪ್ರಯೋಜನವಿಲ್ಲ. ಎರಡು ಅಥವಾ ಮೂರು ಪುಲ್ ರಿಕ್ವೆಸ್ಟ್ ಆರಿಸಿ, ತೊಂದರೆ ಏನಿತ್ತು, ನೀವು ಏನು ಮಾಡಿದಿರಿ ಎಂದು ಒಂದೊಂದು ಸಾಲು ಬರೆದು ಲಿಂಕ್ ಕೊಡಿ. ಚರ್ಚೆ ಚೆನ್ನಾಗಿ ನಡೆದದ್ದನ್ನೇ ಆರಿಸಿ, ತಿರಸ್ಕಾರವಾಗಿದ್ದರೂ ಪರವಾಗಿಲ್ಲ. ಮೇಲೆ ಹೇಳಿದ ‘ರ‍್ಯಾಲಿ’ಯಂಥ ಒಂದು ಉದಾಹರಣೆ ಇಟ್ಟುಕೊಂಡು ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಮಾತಾಡಬಹುದು. ಎಲ್ಲ ಕಂಪನಿಗಳೂ ಇದಕ್ಕೆ ಬೆಲೆ ಕೊಡುವುದಿಲ್ಲ ಎಂಬುದೂ ನಿಜ. ಕೋಡಿಂಗ್ ಟೆಸ್ಟ್ ಅಂಕ ಮಾತ್ರ ನೋಡುವ ಕಡೆ ಟೆಸ್ಟಿಗೂ ತಯಾರಿ ಬೇಕೇ ಬೇಕು.

ಕಾಲೇಜಿನಲ್ಲಿ ಇರುವವರಿಗೆ, ಈಗಷ್ಟೇ ಶುರು ಮಾಡುವವರಿಗೆ ಹಣ ಕೊಟ್ಟು ಕಲಿಸುವ ದಾರಿಗಳೂ ಇವೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅದು ತೆರೆದಿದೆ. ತಂತ್ರಜ್ಞಾನದಲ್ಲಿ ಅವಕಾಶ ಸಿಗದ ಗುಂಪುಗಳಿಗಾಗಿ ಇರುವ ಔಟ್‌ರೀಚಿ ಮನೆಯಿಂದಲೇ ಮಾಡುವ ಮೂರು ತಿಂಗಳ ಇಂಟರ್ನ್‌ಶಿಪ್, 7,000 ಡಾಲರ್ ಸ್ಟೈಪೆಂಡ್ ಕೊಡುತ್ತಾ ಬಂದಿದೆ. ಓದು ಮುಗಿಸಿ ಮಧ್ಯೆ ಕೆಲಸ ಬಿಟ್ಟಿರುವ ಹೆಣ್ಣುಮಕ್ಕಳು ಇದನ್ನು ಖಂಡಿತ ನೋಡಿ. ಅರ್ಜಿ ಹಾಕುವ ಸಮಯದಲ್ಲಿ ಪ್ರಾಜೆಕ್ಟ್ ಹುಡುಕಿದರೆ ತಡವಾಗುತ್ತದೆ. ಕೆಲವು ತಿಂಗಳು ಮೊದಲೇ ಅಲ್ಲಿ ಓಡಾಡಿಕೊಂಡಿದ್ದವರಿಗೆ ಅವಕಾಶ ಜಾಸ್ತಿ.

ಜನರನ್ನು ಎದುರಿಗೆ ನೋಡುವುದೂ ಮುಖ್ಯ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ಸಮ್ಮೇಳನ 2012ರವರೆಗೆ ಒಂದು ತಲೆಮಾರನ್ನೇ ಬೆಳೆಸಿತು. ಈಗ ಫಾಸ್ ಯುನೈಟೆಡ್ ನಡೆಸುವ ಇಂಡಿಯಾಫಾಸ್ ಇದೆ, ಊರೂರಿನ ಮೀಟಪ್ ಮತ್ತು ಕಾಲೇಜು ಕ್ಲಬ್‌ಗಳಿವೆ. ಮೊದಲ ಸಲ ಹೋದಾಗ ಸುಮ್ನೆ ಕೂತು ಕೇಳಿ ಬಂದರೂ ಸಾಕು.

ಏಳನೇ ಹೆಜ್ಜೆ: ಜವಾಬ್ದಾರಿ ಕೈಗೆ ಬಂದಾಗ

ಒಂದು ವರ್ಷ ಉಳಿದರೆ ಬೇರೆಯವರ ಕೋಡ್ ರಿವ್ಯೂ ಮಾಡಲು ಕೇಳುತ್ತಾರೆ. ಕೇಳುವವರೆಗೆ ಕಾಯಬೇಕಾಗಿಯೂ ಇಲ್ಲ. ಹೊಸಬರ ಪುಲ್ ರಿಕ್ವೆಸ್ಟ್ ಓದಿ, ಓಡಿಸಿ ನೋಡಿ, ಕಂಡದ್ದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ಸೀನಿಯರ್ ಎಂಜಿನಿಯರ್ ಮಾಡುವ ಕೆಲಸ ಇದೇ. ಆಫೀಸಿನಲ್ಲಿ ಆ ಹುದ್ದೆ ಬರುವ ಮೊದಲೇ ಇಲ್ಲಿ ಅಭ್ಯಾಸವಾಗುತ್ತದೆ.

ಕಮಿಟ್ ಆಕ್ಸೆಸ್, ಅಂದರೆ ನೇರವಾಗಿ ಕೋಡ್ ಸೇರಿಸುವ ಅಧಿಕಾರ, ಸಿಕ್ಕ ಮೇಲೆ ಎಚ್ಚರ ಹೆಚ್ಚಬೇಕು. ಎಕ್ಸ್‌ಝಡ್ ಎಂಬ ಸಣ್ಣ ಕಂಪ್ರೆಷನ್ ಪ್ರೋಗ್ರಾಂನ ಕತೆ ಪ್ರತಿ ಮೇಂಟೇನರ್‌ಗೂ ಗೊತ್ತಿರಬೇಕು. ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟ್ ಅದು. ಅವರು ಬಳಲಿದ್ದರು. ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಕೊಡಿ’ ಎಂದು ಕೆಲವು ಅಕೌಂಟ್‌ಗಳು ಒತ್ತಡ ಹಾಕಿದವು. ಒಳ್ಳೆಯ ಪ್ಯಾಚ್ ಕಳಿಸುತ್ತಾ ನಂಬಿಕೆ ಗಳಿಸಿದ ಒಬ್ಬರಿಗೆ ಆಕ್ಸೆಸ್ ಸಿಕ್ಕಿತು. ಮೊದಲ ಪ್ಯಾಚ್ ಕಳಿಸಿದ ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಆ ವ್ಯಕ್ತಿ ಅದರೊಳಗೆ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ, ಯಾಕೆ ಎಂದು ಅವರು ಬೆನ್ನುಹತ್ತಿ ಹೋಗಿದ್ದರು.

ಅದಕ್ಕೇ ಒಬ್ಬರೇ ಮೇಂಟೇನರ್ ಇರುವ ಪ್ರಾಜೆಕ್ಟ್‌ನಲ್ಲಿದ್ದರೆ ರಿಲೀಸ್ ಮಾಡುವ ವಿಧಾನವನ್ನು ಬರೆದಿಡಿ, ಇನ್ನೊಬ್ಬರಿಗೆ ಕಲಿಸಿ. ಒತ್ತಡ ಹಾಕಿ ಆಕ್ಸೆಸ್ ಕೇಳುವವರಿಗೆ ಕೊಡಬೇಡಿ. ರಿಲೀಸ್ ಫೈಲ್‌ನಲ್ಲಿ ಇರುವುದೂ ರೆಪೊದಲ್ಲಿ (ಎಲ್ಲರಿಗೂ ಕಾಣುವ ಮೂಲ ಕೋಡ್ ಇರುವ ಜಾಗ) ಇರುವುದೂ ಒಂದೇನಾ ಎಂದು ಪರೀಕ್ಷೆ ಮಾಡುವ ಏರ್ಪಾಡಿರಲಿ. ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಇದ್ದದ್ದು ರಿಲೀಸ್ ಫೈಲ್‌ನಲ್ಲಿ ಮಾತ್ರ.

ಬಿಡುವ ದಿನ ಬಂದರೆ ಸುಮ್ಮನೆ ಮಾಯವಾಗಬೇಡಿ. ಮದುವೆ, ಮಗು, ಹೊಸ ಕೆಲಸ, ಊರಿಗೆ ವಾಪಸ್, ಕಾರಣ ಏನೇ ಇರಲಿ, ಒಂದು ತಿಂಗಳು ಮೊದಲೇ ಅಲ್ಲಿ ಬರೆಯಿರಿ. ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿ ಕೊಡಿ, ನಿಮ್ಮ ಹೆಸರಿನಲ್ಲಿರುವ ಇಶ್ಯೂಗಳನ್ನು ಬಿಡಿಸಿಕೊಳ್ಳಿ, ಆಕ್ಸೆಸ್ ನೀವೇ ತೆಗೆಸಿಕೊಳ್ಳಿ. ಪ್ಯಾಕೇಜ್ ಅಪ್‌ಲೋಡ್ ಮಾಡುವ ಕೀ ನಿಮ್ಮ ಬಳಿ ಮಾತ್ರ ಇದ್ದರೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಿ, ಅವರು ಅದರಿಂದ ಒಂದು ರಿಲೀಸ್ ಮಾಡಿ ನೋಡಿದ ಮೇಲೆ ಹೊರಡಿ.